ಅಧ್ಯಾಯದ ಅಂಕಿ ತಪ್ಪಿದ್ದೆಲ್ಲಿ?

ಪ್ರಯೋಗಾಲಯದ ಸೂಚನಾ ಫಲಕದಲ್ಲಿ ಆ ದಿನದ ಕೆಲಸ 'ಭಾಗ ೨, ಪ್ರಯೋಗ ೩' ಎಂದು ಬರೆದಿತ್ತು. ಹಳೆಯ ಕೈಪಿಡಿ ಇದ್ದ ವಿದ್ಯಾರ್ಥಿಗಳು ಮೀಟರ್ ಸೇತುವೆಯ ಮುಂದೆ ಕುಳಿತರು. ಆ ವರ್ಷದ ಹೊಸ ಪ್ರತಿ ಇದ್ದವರು ಸರಳ ಲೋಲಕವನ್ನು ತೂಗುಹಾಕಿ ವಿರಾಮ ಗಡಿಯಾರ ಕೇಳಲು ಬಂದರು. ಎರಡು ಗುಂಪಿನವರೂ ತಾವೇ ಸರಿ ಎಂದು ಕೈಪಿಡಿ ತೆರೆದು ತೋರಿಸಿದರು. ಹೊಸ ಪ್ರತಿಯಲ್ಲಿ ಎರಡನೆಯ ಭಾಗ 9ನೇ ಪ್ರಯೋಗದಿಂದ ಆರಂಭವಾಗಿತ್ತು. 3 ಎಂಬ ಅಂಕಿ ಇಡೀ ಪುಸ್ತಕದಲ್ಲಿ ಒಂದೇ ಕಡೆ, ಮೊದಲನೆಯ ಭಾಗದ ಲೋಲಕದ ಪುಟದಲ್ಲಿತ್ತು. ಮೀಟರ್ ಸೇತುವೆ 11 ಆಗಿ ಕುಳಿತಿತ್ತು.

ಕೈಪಿಡಿಯನ್ನು ಸಿದ್ಧಪಡಿಸಿದವನು ನಾನೇ. ಪಠ್ಯದಲ್ಲಿ ಒಂದಕ್ಷರವನ್ನೂ ಬದಲಿಸಿರಲಿಲ್ಲ. ದಾಖಲೆಯ ಸ್ವರೂಪವನ್ನು ಮಾತ್ರ ಹೊಸ ಆವೃತ್ತಿಗೆ ಏರಿಸಿದ್ದೆ. ಗಣಕ ಯಾವ ದೋಷಸೂಚನೆಯನ್ನೂ ಕೊಟ್ಟಿರಲಿಲ್ಲ. ಆಲ್ದೂರಿನ ಮಳೆಗಾಲದಲ್ಲಿ ಕರೆಂಟು ಇದ್ದಷ್ಟು ಹೊತ್ತಿನಲ್ಲಿ ಕೆಲಸ ಮುಗಿಸಬೇಕೆಂಬ ಆತುರದಲ್ಲಿ ನಾನೂ ಪುಟಗಳನ್ನು ತಿರುವಿ ನೋಡದೆ ಮುದ್ರಣಕ್ಕೆ ಕೊಟ್ಟಿದ್ದೆ. ಹೀಗೇಕಾಯಿತು, ಸರಿಪಡಿಸುವುದು ಹೇಗೆ ಎಂಬುದನ್ನು ಹಂತ ಹಂತವಾಗಿ ನೋಡೋಣ. ಪಾಠದ ಟಿಪ್ಪಣಿ, ಕೈಪಿಡಿ, ಪ್ರಬಂಧ ಮುಂತಾದವನ್ನು ಗಣಕದಲ್ಲಿ ಸಿದ್ಧಪಡಿಸುವ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇದು ಉಪಯೋಗಕ್ಕೆ ಬಂದೀತು.

ವಿಷಯ ಬೇರೆ, ವೇಷ ಬೇರೆ

ಸಾಮಾನ್ಯ ಪದಸಂಸ್ಕಾರಕದಲ್ಲಿ ನಾವು ಶೀರ್ಷಿಕೆಯನ್ನು ದಪ್ಪಕ್ಷರ ಮಾಡಿ, '೩' ಎಂದು ಕೈಯಿಂದಲೇ ಬರೆದುಬಿಡುತ್ತೇವೆ. ದೊಡ್ಡ ಪುಸ್ತಕಗಳಿಗೆ ಈ ಕ್ರಮ ಒಗ್ಗುವುದಿಲ್ಲ. ನಡುವೆ ಒಂದು ಅಧ್ಯಾಯ ಸೇರಿದರೆ ಮುಂದಿನ ಎಲ್ಲ ಅಂಕಿಗಳನ್ನೂ, 'ನೋಡಿ: ಅಧ್ಯಾಯ ೭' ಎಂಬಂಥ ಎಲ್ಲ ಸೂಚನೆಗಳನ್ನೂ ತಿದ್ದಬೇಕಾಗುತ್ತದೆ. ಆದ್ದರಿಂದ ತಾಂತ್ರಿಕ ಪುಸ್ತಕಗಳಲ್ಲಿ ವಿಷಯವನ್ನು ಒಂದು ಕಡತದಲ್ಲಿಯೂ ಅದರ ವೇಷವನ್ನು ಇನ್ನೊಂದು ಕಡತದಲ್ಲಿಯೂ ಇಡುವ ಪದ್ಧತಿ ಬಂದಿದೆ. ವಿಷಯದ ಕಡತದಲ್ಲಿ 'ಇಲ್ಲಿಂದ ಅಧ್ಯಾಯ ಆರಂಭ', 'ಇದು ಅದರ ಶೀರ್ಷಿಕೆ' ಎಂಬ ಗುರುತುಗಳಷ್ಟೇ ಇರುತ್ತವೆ. ಅಂಕಿ ಹಾಕುವುದು, ಅಕ್ಷರದ ಗಾತ್ರ ನಿರ್ಧರಿಸುವುದು ಇವೆಲ್ಲ ಸ್ಟೈಲ್‌ಶೀಟಿನ ಕೆಲಸ.

ಈ ಬಗೆಯ ಗುರುತುಗಳ ಒಂದು ಪ್ರಸಿದ್ಧ ವ್ಯವಸ್ಥೆ ಡಾಕ್‌ಬುಕ್. 1991ರಲ್ಲಿ ಹ್ಯಾಲ್ ಕಂಪ್ಯೂಟರ್ ಸಿಸ್ಟಮ್ಸ್ ಮತ್ತು ಓರೈಲಿ ಪ್ರಕಾಶನ ಸಂಸ್ಥೆಗಳು ಇದನ್ನು ಆರಂಭಿಸಿದವು. 1998ರಿಂದ ಓಯಸಿಸ್ ಎಂಬ ಮಾನಕ ಸಂಸ್ಥೆಯ ತಾಂತ್ರಿಕ ಸಮಿತಿ ಇದನ್ನು ನೋಡಿಕೊಳ್ಳುತ್ತಿದೆ. ಕೆಡಿಇಯಂತಹ ಮುಕ್ತ ತಂತ್ರಾಂಶಗಳ ಕೈಪಿಡಿಗಳು ಇದರಲ್ಲಿಯೇ ರಚಿತವಾಗಿವೆ. ಡಾಕ್‌ಬುಕ್ ಕಡತವನ್ನು ಜಾಲಪುಟವಾಗಿ ಅಥವಾ ಮುದ್ರಣಪುಟವಾಗಿ ಮಾರ್ಪಡಿಸುವ ಸ್ಟೈಲ್‌ಶೀಟುಗಳ ಸಂಚಿಯೊಂದು ಉಚಿತವಾಗಿ ದೊರೆಯುತ್ತದೆ. ಇದರ ಭಾಷೆ ಎಕ್ಸ್‌ಎಸ್‌ಎಲ್‌ಟಿ. 'ಅಧ್ಯಾಯ', 'ಚಿತ್ರ', 'ಕೋಷ್ಟಕ' ಮುಂತಾದ ಪದಗಳನ್ನು ಆಯಾ ಭಾಷೆಯಲ್ಲಿ ಒದಗಿಸುವ ಕಡತಗಳು ಈ ಸಂಚಿಯಲ್ಲಿವೆ. ಅವುಗಳಲ್ಲಿ ಕನ್ನಡದ್ದೂ ಒಂದು.

ಕನ್ನಡ ಅಂಕಿಗೆ ಸ್ವಂತ ಸ್ಟೈಲ್‌ಶೀಟ್

ಹಾಗಿದ್ದರೆ ಸಿದ್ಧ ಸಂಚಿಯನ್ನೇ ಬಳಸಿದರೆ ಸಾಲದೇ? ನಮಗೆ ಸಾಲುವುದಿಲ್ಲ. ಅಧ್ಯಾಯದ ಅಂಕಿ 1, 2, 3 ಆಗಿರಬೇಕೇ, ರೋಮನ್ ಅಂಕಿಯಾಗಿರಬೇಕೇ, ಇಂಗ್ಲಿಷ್ ಅಕ್ಷರವಾಗಿರಬೇಕೇ ಎಂದು ಆರಿಸುವ ಅವಕಾಶ ಸಂಚಿಯಲ್ಲಿದೆ. ಅರಬ್ಬೀ ಲಿಪಿಯೊಡನೆ ಬಳಸುವ ಅಂಕಿಗಳೂ ಪಟ್ಟಿಯಲ್ಲಿವೆ. ಕನ್ನಡ ಅಂಕಿಗಳು ಮಾತ್ರ ಇಲ್ಲ.

ಆದರೆ ಎಕ್ಸ್‌ಎಸ್‌ಎಲ್‌ಟಿ ಭಾಷೆಗೆ ಕನ್ನಡ ಅಂಕಿ ಅಪರಿಚಿತವಲ್ಲ. ಯೂನಿಕೋಡ್‌ನಲ್ಲಿ ೦ಯಿಂದ ೯ರವರೆಗಿನ ಕನ್ನಡ ಅಂಕಿಗಳಿಗೆ ದಶಮಾನದಲ್ಲಿ 3302ರಿಂದ 3311ರವರೆಗಿನ ಸಂಕೇತಗಳಿವೆ. ಪ್ರತಿಯೊಂದರ ಬೆಲೆ ಎಷ್ಟೆಂಬುದೂ ಅದರಲ್ಲಿಯೇ ದಾಖಲಾಗಿದೆ. ಅಂಕಿ ಹಾಕುವ ಆದೇಶಕ್ಕೆ ಮಾದರಿಯಾಗಿ '೧' ಕೊಟ್ಟರೆ ಸಾಕು. 'ಇದು ಒಂದು ಎಂಬ ಬೆಲೆಯ ಅಂಕಿ, ಇದರ ಹಿಂದಿನದು ಸೊನ್ನೆ' ಎಂದು ಸಂಸ್ಕಾರಕ ಅರಿತು ೨, ೩, ೧೦, ೧೧ ಎಂದು ತಾನೇ ಮುಂದುವರಿಯುತ್ತದೆ. 1999ರ ಎಕ್ಸ್‌ಎಸ್‌ಎಲ್‌ಟಿ 1.0 ಶಿಫಾರಸಿನಲ್ಲಿಯೇ ಈ ನಿಯಮವಿದೆ.

ಆದ್ದರಿಂದ ನಾವು ಮಾಡಬೇಕಾದುದು ಇಷ್ಟು. ಮೂಲ ಸಂಚಿಯನ್ನು ಮುಟ್ಟದೆ ನಮ್ಮದೇ ಒಂದು ಚಿಕ್ಕ ಸ್ಟೈಲ್‌ಶೀಟ್ ಬರೆಯಬೇಕು. ಮೊದಲ ಸಾಲಿನಲ್ಲಿ ಮೂಲ ಸಂಚಿಯನ್ನು ಆಮದು ಮಾಡಿಕೊಂಡು, ಬದಲಾಯಿಸಬೇಕಾದ ಟೆಂಪ್ಲೇಟನ್ನು ಮಾತ್ರ ಅದರ ಕೆಳಗೆ ಹೊಸದಾಗಿ ಬರೆಯಬೇಕು. ಒಂದೇ ಘಟಕಕ್ಕೆ ಎರಡು ಟೆಂಪ್ಲೇಟುಗಳು ಹೊಂದಿದಾಗ ಆಮದಾದದ್ದಕ್ಕಿಂತ ನಮ್ಮದಕ್ಕೆ ಹೆಚ್ಚಿನ ಮಾನ್ಯತೆ. ನನ್ನ ಟೆಂಪ್ಲೇಟಿನಲ್ಲಿ ಮೂರು ಮಾತುಗಳಿದ್ದವು: 'ಚಾಪ್ಟರ್' ಎಂಬ ಘಟಕ ಸಿಕ್ಕಾಗ ಇದನ್ನು ಪ್ರಯೋಗಿಸು, 'ಪಾರ್ಟ್' ಆರಂಭವಾದಲ್ಲಿಂದ 'ಚಾಪ್ಟರ್'ಗಳನ್ನು ಎಣಿಸು, ಎಣಿಕೆಯನ್ನು ಕನ್ನಡ ಅಂಕಿಯಲ್ಲಿ ಬರೆ. (ಓದಿನ ಅನುಕೂಲಕ್ಕಾಗಿ ಇಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಕೊಟ್ಟಿದೆ. ಕಡತದಲ್ಲಿ ಅವು ರೋಮನ್ ಸಣ್ಣಕ್ಷರಗಳಲ್ಲಿರುತ್ತವೆ.) ಮೊದಲ ಭಾಗದಲ್ಲಿ 8, ಎರಡನೆಯದರಲ್ಲಿ 7, ಒಟ್ಟು 15 ಪ್ರಯೋಗಗಳು ಇದರಿಂದ ಸರಿಯಾಗಿ ಅಂಕಿ ಪಡೆಯುತ್ತಿದ್ದವು.

ಚೀಲದ ಮೇಲಿನ ಮಾರ್ಕು

2009ರಲ್ಲಿ ಓಯಸಿಸ್ ಮಾನಕವಾಗಿ ಅಂಗೀಕೃತವಾದ ಡಾಕ್‌ಬುಕ್ 5.0 ಹಿಂದಿನ 4ರ ಸರಣಿಗಿಂತ ಹಲವು ರೀತಿಯಲ್ಲಿ ಭಿನ್ನ. (ಅನಂತರ 2016ರಲ್ಲಿ 5.1, 2024ರಲ್ಲಿ 5.2 ಬಂದಿವೆ.) 'ಬುಕ್‌ಇನ್‌ಫೋ', 'ಚಾಪ್ಟರ್‌ಇನ್‌ಫೋ' ಮೊದಲಾದವು ಹೋಗಿ 'ಇನ್‌ಫೋ' ಎಂಬ ಒಂದೇ ಹೆಸರು ಬಂದಿತು. 'ಐಡಿ' ಎಂಬುದು 'ಎಕ್ಸ್‌ಎಂಎಲ್:ಐಡಿ' ಆಯಿತು. ಈ ಬದಲಾವಣೆಗಳನ್ನು ಮಾಡಿಕೊಡುವ ಸಿದ್ಧ ಸಾಧನವಿದೆ, ಅದರಿಂದ ತೊಂದರೆಯಾಗಲಿಲ್ಲ. ತೊಂದರೆ ತಂದದ್ದು ಕಣ್ಣಿಗೆ ಅಷ್ಟಾಗಿ ಬೀಳದ ಇನ್ನೊಂದು ಬದಲಾವಣೆ. 5ನೇ ಆವೃತ್ತಿಯ ಎಲ್ಲ ಘಟಕಗಳೂ ಒಂದು ನೇಮ್‌ಸ್ಪೇಸ್‌ಗೆ ಸೇರಿದವು.

ನೇಮ್‌ಸ್ಪೇಸ್ ಎಂದರೇನು? ನಮ್ಮ ಕಡೆಯ ಒಂದು ಉದಾಹರಣೆಯಿಂದ ನೋಡಬಹುದು. ಕಾಫಿ ಕ್ಯೂರಿಂಗ್ ಗೋದಾಮಿಗೆ ಆಲ್ದೂರು, ಮೂಡಿಗೆರೆ, ಕಳಸದ ಕಡೆಯ ಹಲವು ತೋಟಗಳಿಂದ ಚೀಲಗಳು ಬರುತ್ತವೆ. ಪ್ರತಿ ತೋಟದವರೂ ತಮ್ಮ ಚೀಲಗಳಿಗೆ 1, 2, 3 ಎಂದು ಅಂಕಿ ಹಾಕಿದ್ದಾರೆ ಎನ್ನೋಣ. ಗೋದಾಮಿನಲ್ಲಿ '5ನೇ ಚೀಲ ತನ್ನಿ' ಎಂದರೆ ಯಾವ ತೋಟದ್ದು? ಆದ್ದರಿಂದ ಚೀಲದ ಮೇಲೆ ತೋಟದ ಮಾರ್ಕು ಬೇಕು. ಮಾರ್ಕು ಮತ್ತು ಅಂಕಿ ಎರಡೂ ಸೇರಿದರೆ ಮಾತ್ರ ಅದು ಚೀಲದ ಪೂರ್ಣ ಹೆಸರು. ಎಕ್ಸ್‌ಎಂಎಲ್‌ನಲ್ಲಿಯೂ ಹಾಗೆಯೇ. 'ಟೇಬಲ್' ಎಂಬ ಗುರುತು ಡಾಕ್‌ಬುಕ್‌ನಲ್ಲಿದೆ, ಜಾಲಪುಟದ ಭಾಷೆಯಲ್ಲಿಯೂ ಇದೆ. ಯಾವುದು ಯಾರದೆಂದು ತಿಳಿಯಲು ಪ್ರತಿಯೊಂದಕ್ಕೂ ಜಾಲದ ವಿಳಾಸದಂತೆ ಕಾಣುವ ಉದ್ದನೆಯ ಒಂದು ಮಾರ್ಕು ಇರುತ್ತದೆ. ಅದೇ ನೇಮ್‌ಸ್ಪೇಸ್. ಪ್ರತಿ ಸಲವೂ ಅಷ್ಟುದ್ದ ಬರೆಯಲಾಗದ ಕಾರಣ ಅದಕ್ಕೆ 'ಡಿ' ಎಂಬಂಥ ಒಂದು ಪೂರ್ವಾಕ್ಷರವನ್ನು ಗೊತ್ತುಮಾಡಿಕೊಂಡು 'ಡಿ:ಚಾಪ್ಟರ್' ಎಂದು ಬರೆಯುತ್ತಾರೆ. ಪೂರ್ವಾಕ್ಷರ ಯಾವುದಾದರೂ ಆಗಬಹುದು. ಅದರ ಹಿಂದಿನ ಮಾರ್ಕು ಮಾತ್ರ ಅಕ್ಷರಶಃ ಒಂದೇ ಆಗಿರಬೇಕು.

ಈಗ ನನ್ನ ಹಳೆಯ ಟೆಂಪ್ಲೇಟನ್ನು ನೋಡಿ. ಅದು ಕೇಳುತ್ತಿದ್ದುದು ಬರಿಯ 'ಚಾಪ್ಟರ್' ಅನ್ನು, ಅಂದರೆ ಯಾವ ಮಾರ್ಕೂ ಇಲ್ಲದ ಚೀಲವನ್ನು. ಹೊಸ ದಾಖಲೆಯಲ್ಲಿ ಅಂಥದ್ದು ಒಂದೂ ಇಲ್ಲ. ಟೆಂಪ್ಲೇಟ್ ಯಾವುದಕ್ಕೂ ಹೊಂದಲಿಲ್ಲ. ಆಮದಾದ ಮೂಲ ಟೆಂಪ್ಲೇಟ್ ತನ್ನ ಪದ್ಧತಿಯಂತೆ, ಭಾಗ ಬದಲಾದರೂ ಎಣಿಕೆ ಮುಂದುವರಿಸಿ, 1ರಿಂದ 15ರವರೆಗೆ ಅಂಕಿ ಹಾಕಿತು. ಹೊಂದದ ಟೆಂಪ್ಲೇಟ್ ಇರುವುದು ಎಕ್ಸ್‌ಎಸ್‌ಎಲ್‌ಟಿಯ ದೃಷ್ಟಿಯಲ್ಲಿ ತಪ್ಪಲ್ಲ. ಹಾಗಾಗಿ ದೋಷಸೂಚನೆ ಬರಲಿಲ್ಲ. ಜೊತೆಗೆ, 'ಅಧ್ಯಾಯ' ಎಂಬುದರ ಬದಲು 'ಪ್ರಯೋಗ' ಎಂಬ ಪದ ಬರುವಂತೆ ಮಾಡಿದ್ದ ನನ್ನ ಇನ್ನೊಂದು ತಿದ್ದುಪಡಿ ಡಾಕ್‌ಬುಕ್ ಘಟಕಗಳ ಹೆಸರನ್ನು ಅವಲಂಬಿಸಿರಲಿಲ್ಲವಾದ್ದರಿಂದ ಕೆಟ್ಟಿರಲಿಲ್ಲ. 'ಪ್ರಯೋಗ' ಎಂಬ ಪದ ಸರಿಯಾಗಿ ಕಂಡದ್ದರಿಂದ ಅದರ ಪಕ್ಕದ ಅಂಕಿಯನ್ನು ಯಾರೂ ಅನುಮಾನಿಸಲಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಹೇಳಬೇಕು. ಸ್ಟೈಲ್‌ಶೀಟುಗಳ ಸಂಚಿ ಎರಡು ರೂಪದಲ್ಲಿದೆ: ನೇಮ್‌ಸ್ಪೇಸ್ ಇಲ್ಲದ್ದು ಮತ್ತು ಇರುವುದು. ಇಲ್ಲದ ಸಂಚಿಗೆ 5ನೇ ಆವೃತ್ತಿಯ ದಾಖಲೆ ಕೊಟ್ಟರೆ ಅದು ಮಾರ್ಕನ್ನು ಅಳಿಸಿಕೊಂಡು ಕೆಲಸ ಮಾಡುತ್ತದೆ. ಹಳೆಯ ತಿದ್ದುಪಡಿಗಳು ಆಗಲೂ ನಡೆಯುತ್ತವೆ. ಇರುವ ಸಂಚಿಗೆ 4ನೇ ಆವೃತ್ತಿಯದನ್ನು ಕೊಟ್ಟರೆ ಮಾರ್ಕನ್ನು ತಾನೇ ಸೇರಿಸಿಕೊಳ್ಳುತ್ತದೆ. ಹಳೆಯ ತಿದ್ದುಪಡಿಗಳು ಆಗ ನಿಲ್ಲುತ್ತವೆ. ಹಿಂದೆ 'ಡಾಕ್‌ಬುಕ್-ಎಕ್ಸ್‌ಎಸ್‌ಎಲ್' ಎಂಬ ಹೆಸರಿನಲ್ಲಿ ದೊರೆಯುತ್ತಿದ್ದುದು ಮಾರ್ಕಿಲ್ಲದ ಸಂಚಿ. 2016ರ 1.79.2 ಬಿಡುಗಡೆಯಲ್ಲಿ ಅದೇ ಹೆಸರು ಮಾರ್ಕಿರುವ ಸಂಚಿಗೆ ಬಂದಿತು. ಹಳೆಯದಕ್ಕೆ 'ನೋಎನ್‌ಎಸ್' ಎಂಬ ಬಾಲ ಸೇರಿತು. ಆದ್ದರಿಂದ ಹೊಸ ಗಣಕದಲ್ಲಿ ಹಳೆಯ ಹೆಸರನ್ನು ನಂಬಿ ಸಂಚಿಯನ್ನು ಹಾಕಿಕೊಂಡವರ ಅಂಕಿಗಳು, ದಾಖಲೆಯನ್ನು ಏರಿಸದಿದ್ದರೂ, ತಪ್ಪಬಹುದು.

ಮೂರು ಕಡೆ ತಿದ್ದುಪಡಿ

ಪರಿಹಾರ ಸರಳ. ಸ್ಟೈಲ್‌ಶೀಟಿನ ಮೊದಲ ಟ್ಯಾಗಿನಲ್ಲಿ 'ಡಿ' ಎಂಬ ಪೂರ್ವಾಕ್ಷರಕ್ಕೆ ಡಾಕ್‌ಬುಕ್‌ನ ನೇಮ್‌ಸ್ಪೇಸನ್ನು ಗೊತ್ತುಮಾಡಬೇಕು. ಅದನ್ನು ನೆನಪಿನಿಂದ ಬರೆಯಬೇಡಿ, ನಿಮ್ಮ ದಾಖಲೆಯ ಮೊದಲ ಟ್ಯಾಗಿನಿಂದಲೇ ನಕಲು ಮಾಡಿ. ಅನಂತರ ಟೆಂಪ್ಲೇಟಿನಲ್ಲಿ ಘಟಕದ ಹೆಸರು ಬರುವಲ್ಲೆಲ್ಲ 'ಡಿ:' ಸೇರಿಸಬೇಕು. 'ಬರುವಲ್ಲೆಲ್ಲ' ಎಂಬುದೇ ಇಲ್ಲಿ ಮುಖ್ಯ. ಅಂಕಿ ಹಾಕುವ ಟೆಂಪ್ಲೇಟಿನಲ್ಲಿ ಹೆಸರು ಮೂರು ಕಡೆ ಬರುತ್ತದೆ. ನಾನು ಅವಸರದಲ್ಲಿ ಒಂದೊಂದನ್ನೇ ತಿದ್ದುತ್ತ ಹೋದಾಗ ಕಂಡ ಫಲಿತಾಂಶಗಳು ಹೀಗಿದ್ದವು.

ಮೊದಲಿಗೆ 'ಮ್ಯಾಚ್' ಎಂಬಲ್ಲಿ, ಅಂದರೆ ಟೆಂಪ್ಲೇಟ್ ಯಾವುದಕ್ಕೆ ಎಂದು ಹೇಳುವಲ್ಲಿ, ತಿದ್ದಿದೆ. ಟೆಂಪ್ಲೇಟಿಗೆ ಜೀವ ಬಂದಿತು. ಆದರೆ ಎಲ್ಲ ಪ್ರಯೋಗಗಳಿಗೂ ಸೊನ್ನೆ ಬಿದ್ದಿತು. 'ಕೌಂಟ್' ಎಂಬಲ್ಲಿ ಇನ್ನೂ ಮಾರ್ಕಿಲ್ಲದ 'ಚಾಪ್ಟರ್' ಇದ್ದುದರಿಂದ ಎಣಿಸಲು ಏನೂ ಸಿಗಲಿಲ್ಲ. ಇದನ್ನು ತಿದ್ದಿದ ಮೇಲೆ ಕನ್ನಡ ಅಂಕಿಗಳು ೧ರಿಂದ ೧೫ರವರೆಗೆ ಬಂದವು. ಎರಡನೆಯ ಭಾಗದಲ್ಲಿ ಮಾತ್ರ ಹೊಸದಾಗಿ ಆರಂಭವಾಗಲಿಲ್ಲ. 'ಫ್ರಂ' ಎಂಬಲ್ಲಿನ 'ಪಾರ್ಟ್' ಸಿಗದೆ ಎಣಿಕೆ ಪುಸ್ತಕದ ಮೊದಲಿನಿಂದಲೇ ನಡೆದಿತ್ತು. ಅದನ್ನೂ ತಿದ್ದಿದಾಗ ಮೀಟರ್ ಸೇತುವೆ ತನ್ನ ೩ಕ್ಕೆ ಮರಳಿತು.

ಈ ಲಕ್ಷಣಗಳನ್ನು ನೆನಪಿಟ್ಟುಕೊಂಡರೆ ರೋಗವೆಲ್ಲಿದೆ ಎಂದು ಹೊರಗಿನಿಂದಲೇ ಹೇಳಬಹುದು. ಅಂಕಿಯ ಲಿಪಿಯೇ ಬದಲಾಗಿದ್ದರೆ 'ಮ್ಯಾಚ್' ನೋಡಿ. ಸೊನ್ನೆಗಳ ಸಾಲು ಬಂದರೆ 'ಕೌಂಟ್' ನೋಡಿ. ಎಣಿಕೆ ಮರಳಿ ಆರಂಭವಾಗದಿದ್ದರೆ 'ಫ್ರಂ' ನೋಡಿ. ಇದು ಎಕ್ಸ್‌ಎಸ್‌ಎಲ್‌ಟಿ 1.0ರ ನಿಯಮದಂತೆ. 2.0 ಮತ್ತು ಅದರ ನಂತರದ ಸಂಸ್ಕಾರಕಗಳು ಎಣಿಸಲು ಏನೂ ಸಿಗದಿದ್ದಾಗ ಸೊನ್ನೆಯ ಬದಲು ಖಾಲಿ ಬಿಡಬಹುದು.

ಎಲ್ಲಿ ಸೇರಿಸಬಾರದು?

ಹುಡುಕಿ-ಬದಲಿಸುವ ಆದೇಶದಿಂದ ಇಡೀ ಕಡತವನ್ನು ಒಮ್ಮೆಗೇ ತಿದ್ದುವ ಆಸೆ ಆಗುವುದು ಸಹಜ. ಹಾಗೆ ಮಾಡಬೇಡಿ. 'ಲೇಬಲ್'ನಂತಹ ಆಟ್ರಿಬ್ಯೂಟುಗಳಿಗೆ ಪೂರ್ವಾಕ್ಷರ ಬೇಡ. ಅವು ಹೊಸ ಆವೃತ್ತಿಯಲ್ಲಿಯೂ ಮಾರ್ಕಿಲ್ಲದೆ ಇವೆ. ಟೆಂಪ್ಲೇಟಿನ ಮೋಡ್, ನಿಯತಾಂಕಗಳ ಹೆಸರು ಇವಕ್ಕೂ ಬೇಡ. ನಿಮ್ಮ ಟೆಂಪ್ಲೇಟ್ ಜಾಲಪುಟಕ್ಕೆ ಬರೆಯುವ 'ಟೇಬಲ್', 'ಟೈಟಲ್' ಟ್ಯಾಗುಗಳಿಗಂತೂ ಸೇರಿಸಲೇಬಾರದು; ಅವು ಇನ್ನೊಂದು ತೋಟದ ಚೀಲಗಳು. 'ಪೂರ್ವಜರಲ್ಲಿ ಪಾರ್ಟ್ ಇದೆಯೇ' ಎಂದು ಕೇಳುವ ಕಡೆ ದಿಕ್ಕನ್ನು ಹೇಳುವ ಪದಕ್ಕಲ್ಲ, ಅದರ ಮುಂದಿನ ಘಟಕದ ಹೆಸರಿಗೆ ಸೇರಿಸಬೇಕು.

ಇನ್ನೊಂದು ಬಲೆ ಇದೆ. ದಾಖಲೆಯಲ್ಲಿ ಪೂರ್ವಾಕ್ಷರವಿಲ್ಲದೆಯೂ ಮೊದಲ ಟ್ಯಾಗಿನಲ್ಲಿ ಒಮ್ಮೆ 'ಇಲ್ಲಿರುವುದೆಲ್ಲ ಈ ಮಾರ್ಕಿನದು' ಎಂದು ಹೇಳಿದರೆ ಸಾಕಾಗುತ್ತದೆ. ಸ್ಟೈಲ್‌ಶೀಟಿನಲ್ಲಿಯೂ ಹಾಗೆಯೇ ಹೇಳಿ ಕೆಲಸ ಮುಗಿಸೋಣ ಎಂದು ಹಲವರು ಯತ್ನಿಸುತ್ತಾರೆ. ಅದು ನಡೆಯುವುದಿಲ್ಲ. 1.0ರ ನಿಯಮದಲ್ಲಿ 'ಮ್ಯಾಚ್' ಮುಂತಾದ ಕಡೆಗಳ ಪೂರ್ವಾಕ್ಷರವಿಲ್ಲದ ಹೆಸರೆಂದರೆ ಮಾರ್ಕಿಲ್ಲದ ಹೆಸರೇ. ಮೇಲಿನ ಘೋಷಣೆ ಅಲ್ಲಿಗೆ ಅನ್ವಯಿಸುವುದಿಲ್ಲ. 2.0ದಲ್ಲಿ ಇದಕ್ಕೆಂದು ಬೇರೆ ಸೌಲಭ್ಯ ಕೊಟ್ಟಿದ್ದಾರೆ.

ಅನುಬಂಧಗಳಿಗೆ ಅ, ಆ, ಇ ಎಂದು ಅಕ್ಷರ ಹಾಕುವವರು ಒಂದು ವಿಷಯ ಗಮನಿಸಬೇಕು. ಮಾದರಿಯಾಗಿ 'ಅ' ಕೊಟ್ಟರೆ ಸಂಸ್ಕಾರಕ ಅದನ್ನು ಅರಿಯಲೇಬೇಕೆಂಬ ನಿಯಮವಿಲ್ಲ. ಅರಿಯದಿದ್ದರೆ 1, 2 ಎಂದೇ ಬರೆಯುತ್ತದೆ. ಅದರ ಬದಲು 'ಅಆಇಈಉಊಋಎಏಐಒಓಔ' ಎಂಬ ಸಾಲನ್ನು ಕೊಟ್ಟು, ಎಣಿಕೆ ಎಷ್ಟೋ ಅಷ್ಟನೆಯ ಅಕ್ಷರವನ್ನು ತೆಗೆಯುವಂತೆ ಬರೆಯಿರಿ. ಈ 13 ಸ್ವರಗಳಿಗೆ ತಲಾ ಒಂದೇ ಯೂನಿಕೋಡ್ ಸಂಕೇತವಿರುವುದರಿಂದ ಲೆಕ್ಕ ತಪ್ಪುವುದಿಲ್ಲ. 'ಅಂ' ಸೇರಿಸಬೇಡಿ, ನಮ್ಮ ಕಣ್ಣಿಗೆ ಒಂದಾದರೂ ಗಣಕಕ್ಕೆ ಅದು ಎರಡು.

ಸೊನ್ನೆ ತೋರಿಸುವ ಗ್ಯಾಲ್ವನೋಮೀಟರ್

ತಿದ್ದಿದ್ದು ಸರಿಯಾಗಿದೆಯೇ ಎಂದು ಪರೀಕ್ಷಿಸುವುದು ಹೇಗೆ? 'ದೋಷಸೂಚನೆ ಬರಲಿಲ್ಲ' ಎಂಬುದು ಉತ್ತರವಲ್ಲ. ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಮೀಟರ್ ಸೇತುವೆಯ ಪಾಠವೇ. ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಯಲ್ಲಿ ನಿಂತರೆ ಸೇತುವೆ ಸಮತೋಲದಲ್ಲಿರಬಹುದು, ಇಲ್ಲವೇ ತಂತಿಯೊಂದು ಕಳಚಿರಬಹುದು. ಅದಕ್ಕಾಗಿಯೇ ಅಳತೆಗೆ ಮೊದಲು ಜಾಕಿಯನ್ನು ತಂತಿಯ ಎರಡೂ ತುದಿಗಳಲ್ಲಿ ಮುಟ್ಟಿಸಿ, ಮುಳ್ಳು ವಿರುದ್ಧ ದಿಕ್ಕುಗಳಿಗೆ ಓಡುವುದೇ ಎಂದು ನೋಡುತ್ತೇವೆ.

ಇಲ್ಲಿಯೂ ಹಾಗೆಯೇ ಮಾಡಿ. ನಿಮ್ಮ ಟೆಂಪ್ಲೇಟಿನಲ್ಲಿ ಅಂಕಿಯ ಬದಲು ತಾತ್ಕಾಲಿಕವಾಗಿ '೯೯' ಎಂದು ಬರೆದು ಸಂಸ್ಕರಿಸಿ. ಪುಟಗಳಲ್ಲಿ ೯೯ ಕಾಣಿಸಿದರೆ ಟೆಂಪ್ಲೇಟ್ ಕೆಲಸ ಮಾಡುತ್ತಿದೆ. ಕಾಣಿಸದಿದ್ದರೆ ತಂತಿ ಕಳಚಿದೆ. ಮುಂದಿನ ತಿದ್ದುಪಡಿಗಳೆಲ್ಲ ವ್ಯರ್ಥ. ಈ ಪರೀಕ್ಷೆಗೆ ಒಂದು ನಿಮಿಷ ಸಾಕು.

ಎರಡನೆಯ ಪರೀಕ್ಷೆ ಹೋಲಿಕೆಯದು. ಸ್ವರೂಪ ಏರಿಸುವ ಮೊದಲು ಹಳೆಯ ದಾಖಲೆಯಿಂದ ಪರಿವಿಡಿಯನ್ನು ತೆಗೆದು ಬೇರೆ ಕಡತದಲ್ಲಿ ಇಟ್ಟುಕೊಳ್ಳಿ. ಏರಿಸಿದ ಮೇಲೆ ಹೊಸ ಪರಿವಿಡಿಯನ್ನು ಅದರೊಡನೆ ಸಾಲು ಸಾಲಾಗಿ ಹೋಲಿಸಿ. ಅಧ್ಯಾಯದ ಅಂಕಿಯಷ್ಟೇ ಅಲ್ಲ, 'ವಿಭಾಗ ೩.೨', 'ಚಿತ್ರ ೩.೧' ಇವನ್ನೂ ನೋಡಿ. ಇವುಗಳ ಮೊದಲ ಅಂಕಿ ಅಧ್ಯಾಯದ ಟೆಂಪ್ಲೇಟಿನಿಂದಲೇ ಬರುತ್ತದೆ. ಅಧ್ಯಾಯದ್ದು ತಪ್ಪಿದರೆ ಚಿತ್ರದ್ದೂ ತಪ್ಪುತ್ತದೆ. ಪುಸ್ತಕದೊಳಗಿನ ಅಡ್ಡ ಸೂಚನೆಗಳು ಇದೇ ಟೆಂಪ್ಲೇಟನ್ನು ಕರೆಯುವುದರಿಂದ ಅಂಕಿಯೊಡನೆ ತಾವೂ ಬದಲಾಗುತ್ತವೆ. ಅದೇ ಕಾರಣಕ್ಕೆ ಪುಸ್ತಕವನ್ನು ಮಾತ್ರ ಓದುವವರಿಗೆ ತಪ್ಪು ಕಾಣುವುದೇ ಇಲ್ಲ. ಹೊರಗಿನ ಸೂಚನಾ ಫಲಕ, ಪ್ರಶ್ನಪತ್ರಿಕೆ, ಹಿಂದಿನ ವರ್ಷದ ದಾಖಲೆ ಪುಸ್ತಕ ಇವುಗಳೊಡನೆ ತಾಳೆ ನೋಡಿದಾಗಲೇ ಅದು ಬಯಲಾಗುವುದು.

ಕನ್ನಡಿಗರಿಗೆ ಇಂಥ ಅನುಭವ ಹೊಸದೇನಲ್ಲ. ಯೂನಿಕೋಡ್ ಬಳಕೆಗೆ ಮೊದಲು ಫಾಂಟ್ ಆಧಾರಿತ ಸಂಕೇತಗಳಲ್ಲಿ ಬೆರಳಚ್ಚು ಮಾಡಿದ ಲೇಖನಗಳು ಅನೇಕರ ಬಳಿ ಇವೆ. ಪರದೆಯ ಮೇಲೆ 'ಅಧ್ಯಾಯ' ಎಂದೇ ಕಾಣುತ್ತಿದ್ದರೂ ಯೂನಿಕೋಡಿನಲ್ಲಿ ಬರೆದು ಹುಡುಕಿದರೆ ಆ ಪದ ಸಿಗುವುದಿಲ್ಲ. ಗಣಕ ತಪ್ಪು ಎನ್ನುವುದಿಲ್ಲ, 'ಇಲ್ಲ' ಎನ್ನುತ್ತದೆ. ಕಾಣುವ ಹೆಸರು ಒಂದೇ ಆದರೂ ಒಳಗಿನ ಗುರುತು ಬೇರೆ.

ನನ್ನ ಕೈಪಿಡಿಯ ಆ ವರ್ಷದ ಪ್ರತಿಗಳಿಗೆ ಹದಿನೈದು ಸಾಲಿನ ತಿದ್ದೋಲೆಯೊಂದನ್ನು ಅಂಟಿಸಿದೆವು. ಪ್ರಯೋಗದ ಹೆಸರು, ಮುದ್ರಿತ ಅಂಕಿ, ಸರಿಯಾದ ಅಂಕಿ ಎಂಬ ಮೂರು ಕಂಬಗಳು ಅದರಲ್ಲಿದ್ದವು. ಅಂದಿನಿಂದ ಸೂಚನಾ ಫಲಕದಲ್ಲಿ ಅಂಕಿಯ ಜೊತೆಗೆ ಪ್ರಯೋಗದ ಹೆಸರನ್ನೂ ಬರೆಯುತ್ತಿದ್ದೇನೆ. ನೀವು ಮುಂದೆ ಯಾವುದಾದರೂ ದಾಖಲೆಯ ಸ್ವರೂಪ ಏರಿಸುವುದಿದ್ದರೆ ಅಂಥ ಪಟ್ಟಿಯನ್ನು ಮುದ್ರಣಕ್ಕೆ ಮೊದಲೇ ಮಾಡಿಕೊಳ್ಳಿ. ಮೂರನೆಯ ಕಂಬ ಎರಡನೆಯದರಂತೆಯೇ ಇದ್ದರೆ ಮುದ್ರಣಕ್ಕೆ ಕೊಡಬಹುದು.